ಸ್ಟೇರಿಂಗಿನಿಂದ ಗಾಲಿಯವರೆಗೆ ಎಣ್ಣೆಯೇ ಕೊಂಡಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ನಾವೆಲ್ಲ ನೆನೆಯುವುದು ಕದಂಬರ ಇತಿಹಾಸಕ್ಕಾಗಿ. ಆದರೆ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ನೆಪದಲ್ಲಿ. ಅಲ್ಲಿನ ಶಿವಾಲಯದ ಬಳಿ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆನಪನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕಲ್ಲಿನ ಮೇಲೆ ಬರೆಸಿದರು. ಅಂದಿನಿಂದ ಇಂದಿನವರೆಗೂ ಶಿಕಾರಿಪುರ, ಸೊರಬ ಸೀಮೆಯ ಬದುಕಿನಲ್ಲಿ ಮಣ್ಣು ತೋಡುವುದು, ಏರಿ ಹಾಕುವುದು, ಹೂಳು ತೆಗೆಯುವುದು ನಿಂತಿಲ್ಲ. ಗುದ್ದಲಿ, ಬುಟ್ಟಿಗಳ ಜಾಗಕ್ಕೆ ಮಾತ್ರ ಯಂತ್ರ ಬಂದಿದೆ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಲು, ಅಡಿಕೆ ತೋಟದ ಬಸಿಗಾಲುವೆ ತೆಗೆಯಲು, ಶುಂಠಿಗೆ ನೆಲ ಹದ ಮಾಡಲು, ಏತ ನೀರಾವರಿಯ ಪೈಪು ಹೂಳಲು, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೆ ಮಣ್ಣು ಹಾಕಲು, ಎಲ್ಲಕ್ಕೂ ಲೋಡರ್ ಬೇಕು.

ಈ ಯಂತ್ರಗಳ ಬಕೆಟ್ ಎಷ್ಟು ಎತ್ತುತ್ತದೆ, ಗಂಟೆಗೆ ಬಾಡಿಗೆ ಎಷ್ಟು, ಡೀಸೆಲ್ ಎಷ್ಟು ಕುಡಿಯುತ್ತದೆ ಎಂಬುದನ್ನು ನಮ್ಮ ಊರುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ತಿರುಗುವುದು ಹೇಗೆ ಎಂಬುದನ್ನು ಕೇಳುವವರು ಕಡಿಮೆ. ಟನ್ನುಗಟ್ಟಲೆ ತೂಗುವ ಯಂತ್ರವನ್ನು ಆಪರೇಟರ್ ಒಂದು ಕೈಯಲ್ಲಿ, ಸ್ಟೇರಿಂಗಿನ ಮೇಲಿನ ಗುಂಡಿ ಹಿಡಿದು ಲೀಲಾಜಾಲವಾಗಿ ತಿರುಗಿಸುತ್ತಾನೆ. ಆ ಸ್ಟೇರಿಂಗಿಗೂ ಕೆಳಗಿನ ಗಾಲಿಗೂ ನಡುವೆ ಕಬ್ಬಿಣದ ಸಂಪರ್ಕವೇ ಇಲ್ಲ. ರಾಡ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಸರಪಳಿ ಇಲ್ಲ. ನಡುವೆ ಇರುವುದು ಹೋಸ್ ಪೈಪುಗಳಲ್ಲಿ ತುಂಬಿದ ಎಣ್ಣೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸ್ಟೇರಿಂಗ್ ಹಗುರಾಗುವ ಬಗೆ, ಕೆಡುವ ಬಗೆ, ಅದನ್ನು ಕಾಪಾಡಿಕೊಳ್ಳುವ ಬಗೆ ಮೂರೂ ಅರ್ಥವಾಗುತ್ತವೆ. ಎಣ್ಣೆಯನ್ನು ಖರ್ಚಿನ ಬಾಬ್ತು ಎಂದು ನೋಡುವುದನ್ನು ಬಿಟ್ಟು ಸ್ಟೇರಿಂಗಿನ ಒಂದು ಬಿಡಿಭಾಗವೆಂದೇ ನೋಡಬೇಕು ಎಂಬುದು ಈ ಸಮೀಕ್ಷೆಯ ಒಟ್ಟು ಮಾತು.

ತಿರುಗುವ ಎರಡು ಬಗೆ

ನಮ್ಮ ಕಡೆ ಜೆಸಿಬಿ ಎಂದರೆ ಬಹುಮಟ್ಟಿಗೆ ಬ್ಯಾಕ್‌ಹೋ ಲೋಡರ್. ಮುಂದೆ ಅಗಲವಾದ ಬಕೆಟ್, ಹಿಂದೆ ತೋಡುವ ತೋಳು, ಒಟ್ಟು ತೂಕ ಸುಮಾರು ಏಳೂವರೆ ಟನ್. ಸಾಮಾನ್ಯ ಮಾದರಿಗಳಲ್ಲಿ ಹಿಂದಿನ ದೊಡ್ಡ ಗಾಲಿಗಳು ಯಂತ್ರವನ್ನು ದೂಡುತ್ತವೆ, ಮುಂದಿನ ಚಿಕ್ಕ ಗಾಲಿಗಳು ತಿರುಗುತ್ತವೆ. ತಿರುಗುವಾಗ ಒಳಬದಿಯ ಗಾಲಿ ಹೊರಬದಿಯದಕ್ಕಿಂತ ಹೆಚ್ಚು ಕೋನಕ್ಕೆ ಹೊರಳಬೇಕು, ಇಲ್ಲದಿದ್ದರೆ ಟೈರು ನೆಲಕ್ಕೆ ಉಜ್ಜುತ್ತದೆ. ಕುದುರೆ ಗಾಡಿಗಳ ಕಾಲದಲ್ಲೇ ಕಂಡುಕೊಂಡ ಈ ಜೋಡಣೆಗೆ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್ನನ ಹೆಸರು ಉಳಿದಿದೆ. ಕಾರಿನಲ್ಲೂ ಇದೇ ಲೆಕ್ಕ.

ಕಾರಿಗಿಲ್ಲದ ಕಷ್ಟ ಲೋಡರಿಗಿದೆ. ಮುಂದಿನ ಬಕೆಟ್ ತುಂಬಿದಾಗ ಹಿಂದಿನ ಭಾರದ ಒಂದು ಪಾಲೂ ಮುಂದಿನ ಆಕ್ಸಲ್ಲಿಗೆ ಬೀಳುತ್ತದೆ. ಕೆರೆಯಂಗಳದ ಮೆದುಮಣ್ಣಿನಲ್ಲಿ ಟೈರು ಹೂತಿರುತ್ತದೆ. ಅಂಥ ಹೊತ್ತಿನಲ್ಲಿ, ಯಂತ್ರ ನಿಂತಲ್ಲೇ ಗಾಲಿ ಹೊರಳಿಸಿ, ಹಿಂದೆ ಬಂದು, ಟಿಪ್ಪರಿನ ಕಡೆ ಮುಖ ಮಾಡಬೇಕು. ಈ ಕೆಲಸ ದಿನಕ್ಕೆ ನೂರಾರು ಸಲ. ಬರಿಯ ಗೇರು, ರಾಡುಗಳ ಸ್ಟೇರಿಂಗಿನಲ್ಲಿ ಯಾವ ಗಟ್ಟಿಗನ ತೋಳೂ ಇದನ್ನು ತಾಳಲಾರದು.

ಜಲ್ಲಿ ಕ್ರಷರ್, ಡಾಂಬರು ಮಿಶ್ರಣದ ಘಟಕ, ಅದಿರಿನ ಯಾರ್ಡುಗಳಲ್ಲಿ ಕಾಣುವ ದೊಡ್ಡ ವೀಲ್ ಲೋಡರ್ ತಿರುಗುವ ಬಗೆಯೇ ಬೇರೆ. ಅದರ ಗಾಲಿಗಳು ಆಕ್ಸಲ್ ಮೇಲೆ ಹೊರಳುವುದೇ ಇಲ್ಲ. ಯಂತ್ರದ ಚೌಕಟ್ಟೇ ಮುಂದಿನ ಅರ್ಧ, ಹಿಂದಿನ ಅರ್ಧ ಎಂದು ಎರಡು ತುಂಡಾಗಿದ್ದು ನಡುವೆ ದಪ್ಪ ಪಿನ್ನುಗಳ ಕೀಲು ಇರುತ್ತದೆ. ಕೀಲಿನ ಎಡಬಲಕ್ಕೆ ಒಂದೊಂದು ಹೈಡ್ರಾಲಿಕ್ ಸಿಲಿಂಡರ್. ಎಡಕ್ಕೆ ತಿರುಗಬೇಕಾದರೆ ಬಲಗಡೆಯದು ಚಾಚುತ್ತದೆ, ಎಡಗಡೆಯದು ಒಳಕ್ಕೆ ಸರಿಯುತ್ತದೆ, ಯಂತ್ರ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಒಂದೊಂದು ಬದಿಗೆ ಸುಮಾರು 35ರಿಂದ 40 ಡಿಗ್ರಿವರೆಗೆ ಹೀಗೆ ಮಡಚಬಹುದು. ಅಮೆರಿಕದ ಸ್ಕೂಪ್‌ಮೊಬೈಲ್ ಕಂಪನಿ 1953ರಲ್ಲಿ ಇಂಥ ಲೋಡರನ್ನು ಹೊರತಂದಿತು. ಕ್ಯಾಟರ್‌ಪಿಲ್ಲರ್ 1963ರಲ್ಲಿ 988 ಮಾದರಿಯೊಂದಿಗೆ ಇದೇ ದಾರಿ ಹಿಡಿದ ಮೇಲೆ ದೊಡ್ಡ ಲೋಡರುಗಳಲ್ಲಿ ಇದೇ ಸಾಮಾನ್ಯ ಪದ್ಧತಿಯಾಯಿತು.

ಕೀಲು ಸರಿಯಾಗಿ ಎರಡು ಆಕ್ಸಲ್ಲುಗಳ ನಡುಮಧ್ಯ ಇದ್ದರೆ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲೇ ಬರುತ್ತದೆ. ಕೆಸರಿನಲ್ಲಿ ಇದು ದೊಡ್ಡ ಅನುಕೂಲ. ಆದರೆ ಪೂರ್ತಿ ಮಡಚಿದ ಲೋಡರ್ ನೆಟ್ಟಗೆ ನಿಂತಿದ್ದಕ್ಕಿಂತ ಬೇಗ ಮಗುಚುತ್ತದೆ, ಏಕೆಂದರೆ ಬಕೆಟ್ಟಿನ ಭಾರಕ್ಕೆ ಎದುರು ತೂಗಬೇಕಾದ ಹಿಂದಿನ ಅರ್ಧ ಒಂದು ಪಕ್ಕಕ್ಕೆ ಸರಿದಿರುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಮಾನದಂಡದಲ್ಲಿ ವೀಲ್ ಲೋಡರಿನ ಹೊರುವ ಸಾಮರ್ಥ್ಯವನ್ನು ಪೂರ್ತಿ ತಿರುಗಿದ ಸ್ಥಿತಿಯಲ್ಲಿ ಅದು ಮಗುಚುವ ಭಾರದ ಅರ್ಧಕ್ಕೆ ನಿಗದಿ ಮಾಡುತ್ತಾರೆ. ಎಡಬಲದ ಗಾಲಿಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಿ ನಿಂತಲ್ಲೇ ಗಿರಕಿ ಹೊಡೆಯುವ ಸ್ಕಿಡ್ ಸ್ಟಿಯರ್ ಲೋಡರುಗಳೂ ಇವೆ. ಅವುಗಳ ಕತೆ ಪ್ರತ್ಯೇಕ.

ಕೈಗೆ ನೆರವು ಕೊಡುವ ಸ್ಟೇರಿಂಗ್, ಕೈಯಿಂದ ಬಿಡಿಸಿಕೊಂಡ ಸ್ಟೇರಿಂಗ್

ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲ್‌ನ ನಿಯಮ ಹದಿನೇಳನೆಯ ಶತಮಾನದ್ದು. ಅದನ್ನು ಬಳಸಿ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ ಮಾಡಿದ. ವಾಹನದ ಸ್ಟೇರಿಂಗಿಗೆ ಈ ಬಲವನ್ನು ಜೋಡಿಸಿ ತೋರಿಸಿದವನು ಅಮೆರಿಕದ ಫ್ರಾನ್ಸಿಸ್ ಡೇವಿಸ್, 1926ರಲ್ಲಿ. ಮಾರಾಟದ ಕಾರಿಗೆ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಈ ಪವರ್ ಸ್ಟೇರಿಂಗಿನಲ್ಲಿ ಹಳೆಯ ರಾಡು, ಗೇರುಗಳು ಹಾಗೇ ಇರುತ್ತವೆ, ಎಣ್ಣೆಯ ಒತ್ತಡ ಕೈಗೆ ನೆರವು ಕೊಡುತ್ತದೆ ಅಷ್ಟೇ. ಎಣ್ಣೆ ಸೋರಿಹೋದರೆ ಸ್ಟೇರಿಂಗ್ ಗಟ್ಟಿಯಾಗುತ್ತದೆ, ಆದರೆ ಕೈ ತಿರುಗಿಸಿದರೆ ಗಾಲಿ ತಿರುಗಿಯೇ ತಿರುಗುತ್ತದೆ.

ಲೋಡರುಗಳಿಗೆ ಈ ಏರ್ಪಾಡು ಹೊಂದಲಿಲ್ಲ. ಕ್ಯಾಬಿನ್ ಎಲ್ಲೋ ಮೇಲೆ, ಗಾಲಿ ಎಲ್ಲೋ ಕೆಳಗೆ. ನಡುವಿನಲ್ಲಿ ಮಡಚುವ ಯಂತ್ರವಾದರಂತೂ ರಾಡುಗಳನ್ನು ಹಾಯಿಸುವುದೇ ಪಾಡು. 1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಮಿನ್ನೆಸೋಟಾದ ಲಿನ್ ಚಾರ್ಲ್‌ಸನ್ ರೂಪಿಸಿದ ಒಂದು ಚಿಕ್ಕ ಹೈಡ್ರಾಲಿಕ್ ಮೋಟರು ದಾರಿ ತೋರಿಸಿತು. ಅದೇ ತತ್ವದ ಮೇಲೆ ನಿಂತ ಸ್ಟೇರಿಂಗ್ ಘಟಕಕ್ಕೆ ಅವನ ಕಂಪನಿ ಇಟ್ಟ ಆರ್ಬಿಟ್ರೋಲ್ ಎಂಬ ಹೆಸರನ್ನೇ ಇಂದು ಯಾವ ಕಂಪನಿಯ ಘಟಕಕ್ಕೂ ನಮ್ಮ ಮೆಕ್ಯಾನಿಕ್‌ಗಳು ಬಳಸುತ್ತಾರೆ. ಇದರಿಂದ ರಾಡೂ ಹೋಯಿತು, ಗೇರೂ ಹೋಯಿತು. ನಾಲ್ಕು ಹೋಸುಗಳಿದ್ದರೆ ಸಾಕಾಯಿತು: ಪಂಪಿನಿಂದ ಬರುವುದು ಒಂದು, ಟ್ಯಾಂಕಿಗೆ ಮರಳುವುದು ಒಂದು, ಸಿಲಿಂಡರಿನ ಎಡಬದಿಗೆ ಒಂದು, ಬಲಬದಿಗೆ ಒಂದು.

ಬಲದ ಲೆಕ್ಕ ಸರಳ. 80 ಮಿಲಿಮೀಟರ್ ಒಳವ್ಯಾಸದ ಸಿಲಿಂಡರಿನ ಪಿಸ್ಟನ್ ಮೇಲ್ಮೈ ಸುಮಾರು 50 ಚದರ ಸೆಂಟಿಮೀಟರ್. ಅದರ ಮೇಲೆ 150 ಬಾರ್ ಒತ್ತಡ ಬಿದ್ದರೆ ಹುಟ್ಟುವ ಬಲ ಏಳೂವರೆ ಟನ್ನಿಗೂ ಮೀರುತ್ತದೆ. ಅಂದರೆ ಒಂದು ಇಡೀ ಬ್ಯಾಕ್‌ಹೋ ಲೋಡರಿನ ತೂಕದಷ್ಟು ಬಲ ಗೇಣುದ್ದದ ಸಿಲಿಂಡರಿನಿಂದ ಬರುತ್ತದೆ. ಈ ಬಲವನ್ನೆಲ್ಲ ಕೊಡುವುದು ಎಂಜಿನ್ ಓಡಿಸುವ ಪಂಪ್. ಆಪರೇಟರಿನ ಕೈ ಮಾಡುವುದು ಬಾಗಿಲು ತೆರೆಯುವ, ಮುಚ್ಚುವ ಕೆಲಸ.

ಆರ್ಬಿಟ್ರೋಲ್ ಬಿಚ್ಚಿದಾಗ

ತೆರೆದ ಬಾಗಿಲಿನಿಂದ ಎಷ್ಟು ಎಣ್ಣೆ ಹೋಗಬೇಕು ಎಂಬುದನ್ನು ಯಾರು ಅಳೆಯುತ್ತಾರೆ? ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದರೆ ಗಾಲಿಯೂ ಅದಕ್ಕೆ ತಕ್ಕಷ್ಟೇ ತಿರುಗಿ ನಿಲ್ಲಬೇಕು, ಮುಂದೆ ಹೋಗಬಾರದು. ಆರ್ಬಿಟ್ರೋಲಿನ ಜಾಣ್ಮೆ ಇರುವುದು ಈ ಅಳತೆಯಲ್ಲಿ. ಇದನ್ನು ನೋಡಬೇಕಾದರೆ ಬೆಂಚಿನ ಮೇಲೆ ಶುದ್ಧ ಬಟ್ಟೆ ಹಾಸಿ ಒಂದು ಘಟಕವನ್ನು ಬಿಚ್ಚಬೇಕು.

ಎರಡು ಕೈಗಳಲ್ಲಿ ಹಿಡಿಯಬಹುದಾದ ಎರಕದ ಕಬ್ಬಿಣದ ಡಬ್ಬಿ ಅದು. ಒಳಗೆ ಒಂದರೊಳಗೊಂದು ಕೂರುವ ಎರಡು ಕೊಳವೆಗಳು. ಒಳಗಿನದು ಸ್ಪೂಲ್, ಹೊರಗಿನದು ಸ್ಲೀವ್. ಎರಡರ ಮೈತುಂಬ ರಂಧ್ರಗಳು ಮತ್ತು ಉದ್ದನೆಯ ಗೀರುಗಳು. ಸ್ಪೂಲ್ ಸೇರಿರುವುದು ಮೇಲಿನ ಸ್ಟೇರಿಂಗಿನ ದಂಡಕ್ಕೆ. ಎರಡನ್ನೂ ಒಂದು ತಟಸ್ಥ ಸ್ಥಾನದಲ್ಲಿ ಹಿಡಿದಿಡುವುದು ತೆಳುವಾದ ಕೆಲವು ಪಟ್ಟಿ ಸ್ಪ್ರಿಂಗುಗಳು. ಘಟಕದ ತಳದಲ್ಲಿ ಅಳತೆಯ ಸಾಧನ: ಒಳಮೈಯಲ್ಲಿ ಏಳು ಉಬ್ಬುಗಳಿರುವ ಉಂಗುರ, ಅದರೊಳಗೆ ಆರು ಹಲ್ಲಿನ ರೋಟರ್. ಒಂದು ಹಲ್ಲು ಕಡಿಮೆ ಇರುವುದರಿಂದ ರೋಟರ್ ತಾನೂ ತಿರುಗುತ್ತ ಉಂಗುರದ ನಡುವಿನ ಸುತ್ತಲೂ ಸುತ್ತುತ್ತದೆ. ಸುತ್ತುವಾಗ ನಡುವಿನ ಏಳು ಪೊಳ್ಳುಗಳು ಒಂದಾದ ಮೇಲೊಂದು ದೊಡ್ಡದಾಗುತ್ತ, ಚಿಕ್ಕದಾಗುತ್ತ ಹೋಗುತ್ತವೆ. ದೊಡ್ಡದಾಗುವಾಗ ಎಣ್ಣೆ ತುಂಬಿಕೊಳ್ಳುತ್ತವೆ, ಚಿಕ್ಕದಾಗುವಾಗ ಸಿಲಿಂಡರಿನ ಕಡೆಗೆ ದೂಡುತ್ತವೆ. ರೋಟರ್ ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಆರು ಸಲ ಹೀಗೆ ಸುತ್ತಿ, 42 ಸಲ ಪೊಳ್ಳು ತುಂಬಿ ಬರಿದಾಗಿರುತ್ತದೆ.

ಆಪರೇಟರ್ ಸ್ಟೇರಿಂಗ್ ತಿರುಗಿಸಿದ ಕೂಡಲೇ ಸ್ಪ್ರಿಂಗ್ ಬಾಗಿ, ಸ್ಪೂಲ್ ತನ್ನ ಸ್ಲೀವಿಗಿಂತ ಕೆಲವೇ ಡಿಗ್ರಿ ಮುಂದೆ ಹೋಗುತ್ತದೆ. ಅಷ್ಟಕ್ಕೇ ರಂಧ್ರಗಳು ಎದುರುಬದುರಾಗಿ ಪಂಪಿನ ಎಣ್ಣೆಗೆ ದಾರಿ ತೆರೆಯುತ್ತದೆ. ಎಣ್ಣೆ ರೋಟರನ್ನು ಹಾಯ್ದು ಸಿಲಿಂಡರಿಗೆ ಹೋಗುತ್ತದೆ. ಹಾಯುವಾಗ ರೋಟರನ್ನು ತಿರುಗಿಸುತ್ತದೆ. ರೋಟರಿಗೂ ಸ್ಲೀವಿಗೂ ನಡುವೆ ಒಂದು ಚಿಕ್ಕ ಕಾರ್ಡನ್ ಶಾಫ್ಟ್ ಇದ್ದು, ಅದು ಸ್ಲೀವನ್ನೂ ಅದೇ ದಿಕ್ಕಿಗೆ ತಿರುಗಿಸುತ್ತದೆ. ಕೈ ತಿರುಗಿಸುತ್ತಿರುವವರೆಗೆ ಸ್ಪೂಲ್ ಮುಂದೆ, ಸ್ಲೀವ್ ಹಿಂದೆ. ಕೈ ನಿಂತಿತೋ, ಸ್ಲೀವ್ ಬಂದು ಸ್ಪೂಲನ್ನು ಕೂಡಿಕೊಳ್ಳುತ್ತದೆ, ರಂಧ್ರಗಳು ಮುಚ್ಚುತ್ತವೆ, ಎಣ್ಣೆ ನಿಲ್ಲುತ್ತದೆ, ಗಾಲಿ ಇದ್ದಲ್ಲೇ ಉಳಿಯುತ್ತದೆ.

ಒಂದು ಸುತ್ತಿಗೆ ಎಷ್ಟು ಎಣ್ಣೆ ಹೋಗಬೇಕೆಂಬುದನ್ನು ರೋಟರಿನ ಅಗಲ ನಿರ್ಧರಿಸುತ್ತದೆ. ಉದಾಹರಣೆಗೆ ಪಿಸ್ಟನ್ನಿನ ಕೆಲಸದ ಮೇಲ್ಮೈ 30 ಚದರ ಸೆಂಟಿಮೀಟರ್, ಚಲನೆ 20 ಸೆಂಟಿಮೀಟರ್ ಇದ್ದರೆ ಸಿಲಿಂಡರ್ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು 600 ಸಿಸಿ ಎಣ್ಣೆ ಬೇಕು. ಸುತ್ತಿಗೆ 160 ಸಿಸಿ ಕೊಡುವ ಆರ್ಬಿಟ್ರೋಲ್ ಹಾಕಿದರೆ ಸ್ಟೇರಿಂಗ್ ಮೂರೂಮುಕ್ಕಾಲು ಸುತ್ತಿಗೆ ಸರಿಯಾಗಿ ಮುಗಿಯುತ್ತದೆ. ಹಳೆಯದು ಹೋಯಿತೆಂದು ಕೈಗೆ ಸಿಕ್ಕ ಬೇರೆ ಅಳತೆಯ ಘಟಕ ಕೂರಿಸಿದರೆ ಈ ಲೆಕ್ಕ ತಪ್ಪುತ್ತದೆ. ಒಂದೋ ಸ್ಟೇರಿಂಗನ್ನು ಸುತ್ತಿ ಸುತ್ತಿ ಸಾಕಾಗುತ್ತದೆ, ಇಲ್ಲವೇ ಸ್ವಲ್ಪ ತಿರುಗಿಸಿದ್ದಕ್ಕೇ ಯಂತ್ರ ಹಾರಿ ಬೀಳುತ್ತದೆ.

ಆರ್ಬಿಟ್ರೋಲಿನ ಇನ್ನೊಂದು ಗುಣ ಹೊಸ ಚಾಲಕರಿಗೆ ತಿಳಿದಿರಬೇಕು. ಹೆಚ್ಚಿನ ಲೋಡರುಗಳಲ್ಲಿ ಸ್ಟೇರಿಂಗ್ ತಟಸ್ಥವಾಗಿದ್ದಾಗ ಸಿಲಿಂಡರಿನ ಎರಡೂ ದಾರಿಗಳು ಮುಚ್ಚಿರುತ್ತವೆ. ಗಾಲಿ ಕಲ್ಲಿಗೆ ಬಡಿದ ಹೊಡೆತ ಕೈಗೆ ಬರುವುದಿಲ್ಲ. ಅದೇ ಕಾರಣಕ್ಕೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ಕಾರಿನಲ್ಲಿ ಆಗುವಂತೆ ತಾನಾಗಿ ನೇರಕ್ಕೆ ಬರುವುದೂ ಇಲ್ಲ, ಕೈಯಿಂದಲೇ ತಂದುಕೊಳ್ಳಬೇಕು. ಟಿಪ್ಪರ್ ಓಡಿಸಿ ಅಭ್ಯಾಸವಾದವರು ಲೋಡರನ್ನು ಟಾರು ರಸ್ತೆಗೆ ತಂದಾಗ ಮೊದಲು ಎಡವುವುದು ಇಲ್ಲಿ.

ಒಂದೇ ಪಂಪ್, ಇಬ್ಬರು ಬಳಕೆದಾರರು

ಲೋಡರಿನ ಹೈಡ್ರಾಲಿಕ್ ಪಂಪಿಗೆ ಬಕೆಟ್ ಎತ್ತುವ ಕೆಲಸವೂ ಇದೆ, ಗಾಲಿ ತಿರುಗಿಸುವ ಕೆಲಸವೂ ಇದೆ. ಎರಡೂ ಒಟ್ಟಿಗೇ ಬೇಕಾಗುವ ಹೊತ್ತು ದಿನವಿಡೀ ಬರುತ್ತದೆ: ತುಂಬಿದ ಬಕೆಟ್ ಎತ್ತುತ್ತಲೇ ಹಿಂದೆ ಸರಿದು ತಿರುಗಬೇಕು. ಎಣ್ಣೆ ಕಡಿಮೆ ಭಾರದ ಕಡೆಗೆ ಹರಿಯುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಬಕೆಟ್ ಏಳುವಾಗ ಸ್ಟೇರಿಂಗ್ ಬಿಗಿದುಕೊಳ್ಳಬಹುದು. ಕೆರೆ ನೀರು ಹಂಚುವ ನೀರುಗಂಟಿ ಯಾರ ಗದ್ದೆಗೆ ಮೊದಲು ಎಂದು ತೀರ್ಮಾನಿಸಿದಂತೆ ಇಲ್ಲೂ ಒಬ್ಬ ಬೇಕು. ಆ ಕೆಲಸ ಪ್ರಯಾರಿಟಿ ವಾಲ್ವಿನದು. ಆರ್ಬಿಟ್ರೋಲಿನಿಂದ ಸಣ್ಣ ಪೈಪಿನ ಮೂಲಕ ಬರುವ ಒತ್ತಡದ ಸೂಚನೆಯಿಂದ ಅದಕ್ಕೆ ಸ್ಟೇರಿಂಗಿನ ಅಗತ್ಯ ಗೊತ್ತಾಗುತ್ತದೆ. ಸ್ಟೇರಿಂಗಿಗೆ ಬೇಕಾದಷ್ಟನ್ನು ಮೊದಲು ಕೊಟ್ಟು ಉಳಿದದ್ದನ್ನು ಬಕೆಟ್ಟಿಗೆ ಬಿಡುತ್ತದೆ. ಸ್ಟೇರಿಂಗ್ ಸುಮ್ಮನಿದ್ದಾಗ ಹೆಚ್ಚುಕಡಿಮೆ ಪೂರ್ತಿ ಎಣ್ಣೆ ಬಕೆಟ್ಟಿನ ಪಾಲು.

ಈ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡರೆ ಲಕ್ಷಣ ಸ್ಪಷ್ಟ. ಬಕೆಟ್ ಲಿವರ್ ಮುಟ್ಟದಿದ್ದಾಗ ಹಗುರಾಗಿರುವ ಸ್ಟೇರಿಂಗ್, ಬಕೆಟ್ ಎತ್ತುವಾಗ ಭಾರವಾಗುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಮಾತ್ರ ಸ್ಟೇರಿಂಗ್ ಭಾರವಾಗಿ, ಆಕ್ಸಿಲರೇಟರ್ ಒತ್ತಿದಾಗ ಹಗುರಾದರೆ ಸವೆದ ಪಂಪಿನ ಮೇಲೆ ಅನುಮಾನ ಪಡಬೇಕು. ಇವೆರಡರ ವ್ಯತ್ಯಾಸ ಗೊತ್ತಿರುವ ಆಪರೇಟರ್ ಮಾಲೀಕನ ಸಾವಿರಾರು ರೂಪಾಯಿ ಉಳಿಸುತ್ತಾನೆ, ಸುಮ್ಮನೆ ಆರ್ಬಿಟ್ರೋಲ್ ಬಿಚ್ಚಿಸುವುದಿಲ್ಲ.

ಇವುಗಳ ಜೊತೆಗೆ ಮೂರು ಕಾವಲುಗಾರರಿದ್ದಾರೆ. ಪಂಪಿನ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ಒಂದು. ಗಾಲಿ ಹಳ್ಳಕ್ಕೆ ಬಿದ್ದಾಗ ಸಿಲಿಂಡರಿನ ಕಡೆಯಿಂದ ಹಿಮ್ಮುಖವಾಗಿ ಬರುವ ಹೊಡೆತವನ್ನು ಬಿಟ್ಟುಕೊಡುವ ಶಾಕ್ ವಾಲ್ವುಗಳು ಎರಡನೆಯದು. ಆ ಹೊಡೆತದಿಂದ ಸಿಲಿಂಡರಿನ ಇನ್ನೊಂದು ಬದಿ ಬರಿದಾಗದಂತೆ ಎಣ್ಣೆ ತುಂಬಿಸುವ ಸಕ್ಷನ್ ವಾಲ್ವುಗಳು ಮೂರನೆಯದು. ಸ್ಟೇರಿಂಗ್ ಭಾರವಾಯಿತೆಂದು ರಿಲೀಫ್ ವಾಲ್ವಿನ ಸ್ಕ್ರೂ ಬಿಗಿಸಿ ಒತ್ತಡ ಏರಿಸುವುದು ಕೆಲವೆಡೆ ನಡೆಯುತ್ತದೆ. ಗೇಜ್ ಹಾಕದೆ ಹಾಗೆ ಮಾಡುವುದು ಹೋಸುಗಳಿಗೂ ಸೀಲುಗಳಿಗೂ ಕೇಡು.

ದೊಡ್ಡ ಯಂತ್ರಗಳ ದಾರಿ

ಇಂಥ ಯಂತ್ರಗಳ ತಯಾರಿಕೆ ಕರ್ನಾಟಕಕ್ಕೆ ಹೊಸದಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ನ ಕೆಜಿಎಫ್ ಘಟಕದಲ್ಲಿ ಬುಲ್ಡೋಜರ್, ಲೋಡರುಗಳ ತಯಾರಿ ನಡೆದಿದೆ. ಧಾರವಾಡದಲ್ಲಿ ಟಾಟಾ ಹಿಟಾಚಿ, ಬೆಂಗಳೂರಿನ ಪೀಣ್ಯದಲ್ಲಿ ವೋಲ್ವೊ ಘಟಕಗಳಿವೆ. ಹಳ್ಳಿಹಳ್ಳಿಗೆ ಬಂದ ಬ್ಯಾಕ್‌ಹೋ ಲೋಡರಿನ ಭಾರತದ ತಯಾರಿ 1979ರಲ್ಲಿ ಹರಿಯಾಣದ ಬಲ್ಲಭಗಡದಲ್ಲಿ ಶುರುವಾಯಿತು. 2000ದಿಂದ ಬೆಂಗಳೂರಿನಲ್ಲಿ ನಡೆಯುತ್ತ ಬಂದಿರುವ ಎಕ್ಸ್‌ಕಾನ್ ಪ್ರದರ್ಶನದಲ್ಲಿ ಇವುಗಳ ಹೊಸ ಮಾದರಿಗಳನ್ನೆಲ್ಲ ಒಂದೇ ಕಡೆ ನೋಡಬಹುದು.

ದೊಡ್ಡ ವೀಲ್ ಲೋಡರುಗಳಿಗೆ ಬೇಕಾಗುವ ಎಣ್ಣೆಯ ಹರಿವು ನಿಮಿಷಕ್ಕೆ ನೂರಾರು ಲೀಟರ್. ಅಷ್ಟನ್ನೂ ಆರ್ಬಿಟ್ರೋಲಿನ ಮೂಲಕ ಹಾಯಿಸಬೇಕಾದರೆ ಅದು ಕ್ಯಾಬಿನ್ನಿನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ. ಹಾಗಾಗಿ ಚಿಕ್ಕ ಆರ್ಬಿಟ್ರೋಲ್ ಕೊಡುವ ಸ್ವಲ್ಪ ಎಣ್ಣೆ, ಕೆಳಗೆ ಚಾಸಿಯಲ್ಲಿರುವ ದೊಡ್ಡ ವಾಲ್ವೊಂದರ ಸ್ಪೂಲನ್ನು ಸರಿಸುತ್ತದೆ. ಆ ದೊಡ್ಡ ವಾಲ್ವ್ ಅದೇ ಪ್ರಮಾಣದಲ್ಲಿ, ಹಲವು ಪಟ್ಟು ಹೆಚ್ಚು ಎಣ್ಣೆಯನ್ನು ಸಿಲಿಂಡರುಗಳಿಗೆ ಕಳಿಸುತ್ತದೆ. ಯಂತ್ರ ಪೂರ್ತಿ ಮಡಚುವುದಕ್ಕೆ ಸ್ವಲ್ಪ ಮೊದಲೇ ಈ ಸೂಚನೆಯ ಎಣ್ಣೆಯನ್ನು ಕತ್ತರಿಸುವ ವಾಲ್ವುಗಳೂ ಕೀಲಿನ ಬಳಿ ಇರುತ್ತವೆ, ಚೌಕಟ್ಟು ಚೌಕಟ್ಟಿಗೆ ಬಡಿಯದಿರಲಿ ಎಂದು.

ಸ್ಟೇರಿಂಗನ್ನೇ ತೆಗೆದು ಜಾಯ್‌ಸ್ಟಿಕ್ ಇಟ್ಟ ಮಾದರಿಗಳೂ ಇವೆ. ಕ್ಯಾಟರ್‌ಪಿಲ್ಲರ್, ವೋಲ್ವೊ ಎರಡೂ ಇಂಥವನ್ನು ಕೊಟ್ಟಿವೆ. ಲಿವರಿನಿಂದ ಹೊರಟ ವಿದ್ಯುತ್ ಸಂಕೇತ ಸೊಲೆನಾಯ್ಡ್ ವಾಲ್ವನ್ನು ತೆರೆಯುತ್ತದೆ. ದಿನವಿಡೀ ಲೋಡ್ ಮಾಡುವವನ ತೋಳಿಗೆ, ಹೆಗಲಿಗೆ ಇದು ನಿಜವಾದ ವಿರಾಮ. ಆದರೆ ಸಂಕೇತ ವಿದ್ಯುತ್ತಿನದಾದರೂ ಯಂತ್ರವನ್ನು ಮಡಚುವುದು ಕೊನೆಗೂ ಎಣ್ಣೆಯೇ. ನಮ್ಮ ಟ್ರ್ಯಾಕ್ಟರುಗಳ ಹೊಸ ಪವರ್ ಸ್ಟೇರಿಂಗ್‌ನಲ್ಲಿ, ಭತ್ತ ಕೊಯ್ಯುವ ಹಾರ್ವೆಸ್ಟರಿನ ಹಿಂದಿನ ಗಾಲಿಗಳಲ್ಲಿ ಕೆಲಸ ಮಾಡುವುದೂ ಇದೇ ತತ್ವ. ಆದ್ದರಿಂದ ಇದು ಜೆಸಿಬಿ ಮಾಲೀಕರಿಗೆ ಮಾತ್ರ ಸೇರಿದ ವಿಷಯವಲ್ಲ.

ಎಂಜಿನ್ ನಿಂತರೆ

ಸೊರಬ, ಶಿಕಾರಿಪುರಗಳ ಎಷ್ಟೋ ರಸ್ತೆಗಳು ಕೆರೆ ಏರಿಯ ಮೇಲೆ ಹಾದುಹೋಗುತ್ತವೆ. ಒಂದು ಬದಿ ನೀರು, ಇನ್ನೊಂದು ಬದಿ ತಗ್ಗಿನಲ್ಲಿ ಗದ್ದೆ. ಅಂಥ ಕಡೆ ಓಡುವ ಲೋಡರಿನ ಎಂಜಿನ್ ಇದ್ದಕ್ಕಿದ್ದಂತೆ ನಿಂತರೆ ಪಂಪೂ ನಿಲ್ಲುತ್ತದೆ. ಆಗ ಏನು ಗತಿ?

ಚಿಕ್ಕ ಯಂತ್ರಗಳಲ್ಲಿ ಇದಕ್ಕೆ ಉತ್ತರ ಆರ್ಬಿಟ್ರೋಲಿನ ಒಳಗೇ ಇದೆ. ಪಂಪಿನ ಒತ್ತಡ ಇಲ್ಲದಾಗ ಸ್ಪೂಲ್ ಸ್ವಲ್ಪ ಹೆಚ್ಚು ತಿರುಗಿ ಅಡ್ಡ ಪಿನ್ನನ್ನು ಮುಟ್ಟುತ್ತದೆ. ಅಲ್ಲಿಂದ ಕೈಯ ಬಲ ನೇರವಾಗಿ ರೋಟರಿಗೆ ಹೋಗಿ ಅದೇ ಒಂದು ಕೈಪಂಪ್ ಆಗುತ್ತದೆ. ಒಳಗಿನ ಚೆಕ್ ವಾಲ್ವೊಂದು ತೆರೆದು ಟ್ಯಾಂಕಿನ ಕಡೆಯಿಂದ ಬರುವ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಸ್ಟೇರಿಂಗ್ ತುಂಬ ಗಟ್ಟಿ, ಹೆಚ್ಚು ಸುತ್ತು ತಿರುಗಿಸಬೇಕು, ಆದರೂ ಗಾಲಿ ತಿರುಗುತ್ತದೆ. ರಸ್ತೆಯ ಅಂಚಿಗೆ ತಂದು ನಿಲ್ಲಿಸುವಷ್ಟಕ್ಕೆ ಇದು ಸಾಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವುದಕ್ಕೆ ಖಂಡಿತ ಸಾಲದು. ಹಾಗೆ ಮಾಡುವವರು ತಮ್ಮ ಜೀವದ ಜೊತೆ ಎದುರಿನವರ ಜೀವವನ್ನೂ ಪಣಕ್ಕಿಡುತ್ತಾರೆ.

ದೊಡ್ಡ ಲೋಡರನ್ನು ಕೈಯ ಬಲದಿಂದ ಮಡಚುವುದು ಸಾಧ್ಯವಿಲ್ಲದ ಮಾತು. ಅವುಗಳಿಗೆ ತುರ್ತು ಸ್ಟೇರಿಂಗ್ ಬೇರೆಯೇ ಇರುತ್ತದೆ: ಬ್ಯಾಟರಿಯಿಂದ ಓಡುವ ಪಂಪ್, ಗಾಲಿ ಉರುಳುವಾಗ ತಿರುಗುವ ಪಂಪ್, ಇಲ್ಲವೇ ಒತ್ತಡವನ್ನು ಕೂಡಿಟ್ಟುಕೊಂಡ ಅಕ್ಯುಮುಲೇಟರ್. ಗಾಲಿಯ ಮೇಲೆ ಓಡುವ ಮಣ್ಣುಕೆಲಸದ ಯಂತ್ರಗಳ ಸ್ಟೇರಿಂಗ್ ಹೇಗಿರಬೇಕು, ಒತ್ತಡ ಹೋದಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಐಎಸ್‌ಒ 5010 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಆದರೆ ಈ ತುರ್ತು ಪಂಪ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಅಭ್ಯಾಸ ಇದ್ದರೆ ಮಾತ್ರ ಅದು ಇದ್ದು ಪ್ರಯೋಜನ.

ಕೆಡಿಸುವ ಮೂರು: ಮಣ್ಣು, ನೀರು, ಬಿಸಿ

ಸ್ಪೂಲಿಗೂ ಸ್ಲೀವಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಬರಿಗಣ್ಣಿಗೆ ಕಾಣುವ ಅತಿ ಚಿಕ್ಕ ಕಣವೇ ಸುಮಾರು 40 ಮೈಕ್ರಾನ್. ಅಂದರೆ ಕಣ್ಣಿಗೆ ಶುದ್ಧವಾಗಿ ಕಾಣುವ ಎಣ್ಣೆಯಲ್ಲಿ ಆರ್ಬಿಟ್ರೋಲನ್ನು ಗೀರಿ ಕೆಡಿಸುವ ಧೂಳು ಧಾರಾಳವಾಗಿ ಇರಬಹುದು. ನಮ್ಮ ಜಂಬಿಟ್ಟಿಗೆ ನೆಲದ ಕೆಂಪು ಧೂಳು ಬೇಸಿಗೆಯಲ್ಲಿ ಯಂತ್ರದ ಮೇಲೆಲ್ಲ ಕೂರುತ್ತದೆ. ಆ ಧೂಳಿನ ನಡುವೆಯೇ ಟ್ಯಾಂಕಿನ ಮುಚ್ಚಳ ತೆರೆದು, ತೊಳೆಯದ ಬಕೀಟಿನಿಂದ ಎಣ್ಣೆ ಸುರಿದರೆ ಹೊಸ ಎಣ್ಣೆಯ ಜೊತೆಗೇ ಮಣ್ಣೂ ಒಳಗೆ ಹೋಗುತ್ತದೆ. ಅಗ್ಗಕ್ಕೆ ಸಿಗುವ, ಬಳಸಿ ತೆಗೆದ ಎಣ್ಣೆಯನ್ನು ಸೋಸಿ ಹಾಕುವುದು ಇನ್ನೂ ಕೆಟ್ಟದ್ದು. ಬಟ್ಟೆಯಲ್ಲಿ ಸೋಸಿದರೆ ಮೈಕ್ರಾನ್ ಅಳತೆಯ ಕಣ ನಿಲ್ಲುವುದಿಲ್ಲ.

ಎರಡನೆಯದು ನೀರು. ಹೂಳೆತ್ತುವ ಕೆಲಸ ಮಾರ್ಚಿನಿಂದ ಮೇ ತಿಂಗಳವರೆಗೆ ಬಿರುಸು. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೂ ಕೆಸರಿನಲ್ಲಿ ಕೆಲಸ ಮುಂದುವರಿಯುತ್ತದೆ. ಸಿಲಿಂಡರಿನ ಹೊಳೆಯುವ ರಾಡಿಗೆ ಅಂಟಿದ ಕೆಸರು ಒಣಗಿ, ರಾಡ್ ಒಳಕ್ಕೆ ಹೋಗುವಾಗ ಸೀಲಿನ ಅಂಚನ್ನು ಹರಿಯುತ್ತದೆ. ಅಲ್ಲಿಂದ ಎಣ್ಣೆ ಹೊರಕ್ಕೆ, ನೀರು ಒಳಕ್ಕೆ. ಎಣ್ಣೆ ಹಾಲುಬೆರೆತ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಎಂದೇ ತಿಳಿಯಬೇಕು. ನೊರೆ ಬಂದರೆ ಗಾಳಿ ಹೊಕ್ಕಿದೆ ಎಂದು ತಿಳಿಯಬೇಕು. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ. ಆದ್ದರಿಂದ ಸ್ಟೇರಿಂಗ್ ಮೆತ್ತಗಾಗುತ್ತದೆ, ತಿರುಗಿಸಿದ ಒಂದು ಗಳಿಗೆಯ ನಂತರ ಗಾಲಿ ಜಗ್ಗಿ ತಿರುಗುತ್ತದೆ. 'ಏರ್ ಹಿಡಿದಿದೆ' ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಮೊದಲು ನೋಡಬೇಕಾದ್ದು ಟ್ಯಾಂಕಿನ ಮಟ್ಟ ಮತ್ತು ಪಂಪಿಗೆ ಎಣ್ಣೆ ಎಳೆಯುವ ಪೈಪಿನ ಕ್ಲಿಪ್ಪು.

ಮೂರನೆಯದು ಬಿಸಿ. ಕಾದ ಎಣ್ಣೆ ತೆಳುವಾಗಿ ಸವೆದ ಸಂದುಗಳಿಂದ ಹೆಚ್ಚು ಸೋರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಸ್ಟೇರಿಂಗ್ ಮಧ್ಯಾಹ್ನ ಭಾರವಾಗುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಒಂದು ಸರಳ ಪರೀಕ್ಷೆ ಉಂಟು. ಎಣ್ಣೆ ಬಿಸಿಯಾದ ಮೇಲೆ ಸ್ಟೇರಿಂಗನ್ನು ಒಂದು ಬದಿಯ ಕೊನೆಯವರೆಗೆ ತಿರುಗಿಸಿ ಅಲ್ಲೇ ಹಗುರಾಗಿ ಒತ್ತಿ ಹಿಡಿಯಬೇಕು. ಗಾಲಿ ಮುಂದೆ ತಿರುಗಲು ಜಾಗವಿಲ್ಲದಿದ್ದರೂ ಸ್ಟೇರಿಂಗ್ ಸರಾಗವಾಗಿ ಜಾರುತ್ತ ಹೋದರೆ ಎಣ್ಣೆ ಒಳಗೊಳಗೇ ಸೋರುತ್ತಿದೆ: ಸಿಲಿಂಡರಿನ ಪಿಸ್ಟನ್ ಸೀಲಿನಲ್ಲಿ, ಇಲ್ಲವೇ ಆರ್ಬಿಟ್ರೋಲಿನಲ್ಲಿ. ಸಿಲಿಂಡರಿನ ಹೋಸುಗಳನ್ನು ಬಿಚ್ಚಿ ಪ್ಲಗ್ ಹಾಕಿ ಮತ್ತೆ ನೋಡಿದರೆ ಯಾವುದರಲ್ಲಿ ಎಂಬುದು ತಿಳಿಯುತ್ತದೆ.

ರಿಪೇರಿಯಲ್ಲಿ ಆಗುವ ಒಂದು ಅನಾಹುತವನ್ನು ಇಲ್ಲಿ ಹೇಳಲೇಬೇಕು. ಆರ್ಬಿಟ್ರೋಲನ್ನು ಬಿಚ್ಚಿ ಸೀಲ್ ಕಿಟ್ ಹಾಕಿ ಮರಳಿ ಜೋಡಿಸುವಾಗ ರೋಟರಿನ ಹಲ್ಲಿಗೂ ಕಾರ್ಡನ್ ಶಾಫ್ಟಿನ ಪಿನ್ನಿಗೂ ಕಂಪನಿ ಹೇಳಿದ ಹೊಂದಾಣಿಕೆ ಇರಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ ಚಾಲೂ ಮಾಡಿದ ಕೂಡಲೇ ಸ್ಟೇರಿಂಗ್ ತನ್ನಷ್ಟಕ್ಕೆ ತಾನೇ ತಿರುಗತೊಡಗುತ್ತದೆ. ಸುತ್ತ ನಿಂತವರಿಗೆ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ. ನಡುವಿನಲ್ಲಿ ಮಡಚುವ ಲೋಡರಿನಲ್ಲಿ ಕೀಲಿನ ಬಳಿ ಮನುಷ್ಯ ನಿಂತಿದ್ದರೆ ಎರಡು ಚೌಕಟ್ಟುಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಅದಕ್ಕೇ ಕೀಲಿಗೆ ಅಡ್ಡಲಾಗಿ ಹಾಕುವ ಕಬ್ಬಿಣದ ಲಾಕ್ ಬಾರ್ ಕೊಟ್ಟಿರುತ್ತಾರೆ. ಕೆಳಗೆ ಕೆಲಸ ಮಾಡುವ ಮೊದಲು ಅದನ್ನು ಹಾಕಲೇಬೇಕು. ರಿಪೇರಿ ಮುಗಿದ ಮೇಲಿನ ಮೊದಲ ಚಾಲೂ ಮಾತ್ರ ಇದಕ್ಕೆ ಹೊರತು: ಆಗ ಬಾರ್ ತೆಗೆದು, ಸುತ್ತಲ ಜನರನ್ನೆಲ್ಲ ದೂರ ಕಳಿಸಿ ಎಂಜಿನ್ ಶುರು ಮಾಡಬೇಕು.

ಇನ್ನೊಂದು ಎಚ್ಚರಿಕೆ ಹೋಸುಗಳದು. 150 ಬಾರ್ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಚುಕ್ಕೆಯಷ್ಟು ಗಾಯ, ಒಳಗೆ ಕೈಯನ್ನೇ ಕಳೆದುಕೊಳ್ಳುವಷ್ಟು ಹಾನಿ. ಸೋರಿಕೆ ಹುಡುಕುವಾಗ ಕೈ ಸವರಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಎಣ್ಣೆ ಚುಚ್ಚಿದರೆ ನೋವಿಲ್ಲವೆಂದು ಕಾಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು.

ಮಾಡಬೇಕಾದ್ದು

ಇಷ್ಟನ್ನೂ ಒಟ್ಟಿಗೆ ನೋಡಿದರೆ, ಹೈಡ್ರಾಲಿಕ್ ಸ್ಟೇರಿಂಗ್ ಗಟ್ಟಿಮುಟ್ಟಾದ, ನಂಬಬಹುದಾದ ಏರ್ಪಾಡು ಎಂಬುದರಲ್ಲಿ ಸಂಶಯವಿಲ್ಲ. ಆರು ದಶಕ ದಾಟಿದರೂ ಅದರ ಮೂಲ ರಚನೆ ಬದಲಾಗದಿರುವುದೇ ಇದಕ್ಕೆ ಸಾಕ್ಷಿ. ಅದು ಕೈಕೊಡುವುದು ಹೆಚ್ಚಾಗಿ ಎಣ್ಣೆಯ ವಿಷಯದಲ್ಲಿ ನಾವು ಮಾಡುವ ಉಳಿತಾಯದಿಂದ. ಎಂಜಿನ್ ಆಯಿಲ್ ಬದಲಿಸುವ ತಾರೀಕನ್ನು ಬರೆದಿಡುವ ಮಾಲೀಕರು ಹೈಡ್ರಾಲಿಕ್ ಎಣ್ಣೆ, ಫಿಲ್ಟರ್, ಸ್ಟೇರಿಂಗ್ ಹೋಸುಗಳ ತಾರೀಕನ್ನೂ ಅದೇ ಪುಸ್ತಕದಲ್ಲಿ ಬರೆಯುವುದು ಕಷ್ಟವೇನಲ್ಲ. ಯಂತ್ರದ ಕೈಪಿಡಿ ಹೇಳಿದ ದರ್ಜೆಯ ಎಣ್ಣೆ ಹಾಕುವುದು, ಸಂಜೆ ಕೆಲಸ ಮುಗಿದ ಮೇಲೆ ಸಿಲಿಂಡರ್ ರಾಡಿನ ಕೆಸರು ತೊಳೆಯುವುದು, ಮುಚ್ಚಳ ತೆರೆಯುವ ಮೊದಲು ಸುತ್ತಲ ಧೂಳು ಒರೆಸುವುದು ಇವಕ್ಕೆ ಹಣವೂ ಹೆಚ್ಚು ಬೇಕಿಲ್ಲ.

ಕೆಲಸ ಕೊಡುವವರಿಗೂ ಹೊಣೆ ಇದೆ. ಪಂಚಾಯಿತಿ, ನೀರಾವರಿ ಇಲಾಖೆ, ಕೆರೆ ಸಮಿತಿಗಳು ಗಂಟೆಯ ದರ ನೋಡಿ ಯಂತ್ರ ಗೊತ್ತು ಮಾಡುತ್ತವೆ. ಕೆರೆ ಏರಿಯ ಮೇಲೆ, ಊರ ನಡುವೆ ಓಡಬೇಕಾದ ಯಂತ್ರದ ಸ್ಟೇರಿಂಗ್ ಪರೀಕ್ಷೆಯಾಗಿದೆಯೇ ಎಂಬ ಒಂದು ಪ್ರಶ್ನೆಯನ್ನೂ ಅವು ಕೇಳಬೇಕು. ಹಿಂದೆ ಹೇಳಿದ ಬಿಸಿ ಎಣ್ಣೆಯ ಪರೀಕ್ಷೆಗೆ ಕೆಲವು ನಿಮಿಷ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಲಿಕೆ. ನಮ್ಮ ಹುಡುಗರು ಆಪರೇಟರ್ ಆಗುವುದು ಹೆಚ್ಚಾಗಿ ಹೆಲ್ಪರ್ ಆಗಿ ಸೇರಿ, ನೋಡಿ ನೋಡಿ. ಮೆಕ್ಯಾನಿಕ್ ಆಗುವುದೂ ಹಾಗೆಯೇ. ಅವರ ಕೈಗುಣಕ್ಕೆ ಕೊರತೆಯಿಲ್ಲ, ಆದರೆ ಒತ್ತಡದ ಗೇಜ್ ಹಾಕಿ ಓದುವುದನ್ನು, ಸರ್ಕಿಟ್ ನಕ್ಷೆ ನೋಡುವುದನ್ನು ಯಾರೂ ಅವರಿಗೆ ಕಲಿಸಿಲ್ಲ. ಶಿವಮೊಗ್ಗದಂಥ ಫೌಂಡ್ರಿ ಪರಂಪರೆಯ ಜಿಲ್ಲೆಯಲ್ಲಿ, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಒಂದು ಹಳೆಯ ಪಂಪ್, ಒಂದು ಆರ್ಬಿಟ್ರೋಲ್, ಒಂದು ಸಿಲಿಂಡರ್, ಎರಡು ಗೇಜುಗಳನ್ನು ಜೋಡಿಸಿದ ಬೆಂಚ್ ಇಟ್ಟು, ಮಳೆಗಾಲದಲ್ಲಿ ಯಂತ್ರಗಳು ಬಿಡುವಾಗಿರುವ ತಿಂಗಳುಗಳಲ್ಲಿ ಆಪರೇಟರುಗಳಿಗೆ ಕನ್ನಡದಲ್ಲಿ ಚಿಕ್ಕ ತರಬೇತಿ ನಡೆಸಬಹುದು. ಬೇಕಾದ ಸಾಮಗ್ರಿ ಇಲ್ಲಿನ ಗ್ಯಾರೇಜುಗಳಲ್ಲೇ ಸಿಗುತ್ತದೆ. ಯಂತ್ರದ ಕಂಪನಿಗಳೂ ತಮ್ಮ ಕೈಪಿಡಿಯ ಸ್ಟೇರಿಂಗ್ ಅಧ್ಯಾಯವನ್ನಾದರೂ ಒಳ್ಳೆಯ ಕನ್ನಡದಲ್ಲಿ ಅಚ್ಚು ಹಾಕಿ ಯಂತ್ರದ ಜೊತೆ ಕೊಡಬೇಕು. ಯಂತ್ರ ಕೊಳ್ಳಲು ಲಕ್ಷಗಟ್ಟಲೆ ಸಾಲ ಕೊಡುವ ವ್ಯವಸ್ಥೆ ಅದನ್ನು ಸುರಕ್ಷಿತವಾಗಿ ನಡೆಸುವ ತಿಳಿವಳಿಕೆಯನ್ನೂ ಕೊಡಲಿ ಎಂದು ಕೇಳುವುದು ಈ ಎರಡು ತಾಲ್ಲೂಕುಗಳ ಆಪರೇಟರುಗಳ ಹಕ್ಕು.